ಬೊಸ್ತ್ಯಾಂವನ ಹಿಂದಿನ ಸೀಟು

ಬೊಸ್ತ್ಯಾಂವನ ಕೆಂಪು ಬೈಕು ಮೂರನೇ ಸಲ ಸತ್ತದ್ದು ಫೆರಿಯ ಬಾಯಲ್ಲೇ, ಇಡೀ ಆಂಬೆಜುವೆ ದ್ವೀಪ ನೋಡುತ್ತಿದ್ದಾಗ.

ಸಂಜೆಯ ಇಳಿತದ ಹೊತ್ತು. ನೀರು ಇಳಿದು ಧಕ್ಕೆಯ ಇಳಿಜಾರು ಪಾಚಿ ಮೆತ್ತಿಕೊಂಡು ಕಡಿದಾಗಿ ನಿಂತಿತ್ತು. ಫೆರಿಯವನು ಸರಪಳಿ ಸಡಿಲಿಸಿ ಕಬ್ಬಿಣದ ಹಲಗೆ ಇಳಿಸತೊಡಗಿದ. ಹಲಗೆ ಕಲ್ಲು ಮುಟ್ಟುವ ಮೊದಲೇ ಎಲ್ಲ ಗಾಡಿಗಳೂ ಗುರುಗುಟ್ಟಬೇಕು, ಮುಟ್ಟಿದ ಕ್ಷಣ ಮುಂದಿನವನು ಹಾರಬೇಕು, ಅವನ ಬೆನ್ನಿಗೇ ಉಳಿದವರು. ಅದು ದ್ವೀಪದವರ ಪದ್ಧತಿ. ಎಲ್ಲರಿಗಿಂತ ಮುಂದಿನ ಜಾಗ ಹಳದಿ ಮಡ್‌ಗಾರ್ಡಿನ ಪೈಲಟ್‌ಗಳದು, ಅಂದರೆ ಬೈಕಿನ ಮೇಲೆ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವವರದು. ಆ ದಿನ ಮುಂದೆ ಇದ್ದವನು ಬೊಸ್ತ್ಯಾಂವ್. ಗುಂಡಿ ಒತ್ತಿದ. ಬೈಕು 'ಟಿಕ್' ಅಂದಿತು. ಮತ್ತೆ ಒತ್ತಿದ. ಮತ್ತೆ 'ಟಿಕ್'. ಒದೆಯೋಣವೆಂದರೆ ಆ ಚೆಲುವೆಗೆ ಕಿಕ್ಕರೇ ಇಲ್ಲ.

ಹಿಂದೆ ನಿಂತ ಮೀನಿನ ಟೆಂಪೋದವನು ಹಾರ್ನ್ ಒತ್ತಿ ಹಿಡಿದ. ಯಾರೋ ಕೂಗಿ ಹೇಳಿದರು, "ಬೊಸ್ತ್ಯಾಂವ್, ಅದಕ್ಕೆ ಮುತ್ತು ಕೊಟ್ಟು ನೋಡು ಮಾರಾಯ."

ಅವನ ಹಿಂದೆ ಕೂತಿದ್ದವರು ಅರ್ಜೆಮಿರಾ ಟೀಚರ್. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು, ಈಗ ನಿವೃತ್ತರು. ಶನಿವಾರ ಶನಿವಾರ ನದಿ ದಾಟಿ ಪಣಜಿಯ ತಂಗಿ ಮನೆಗೆ ಇಸ್ಪೀಟು ಆಡಲು ಹೋಗುತ್ತಾರೆ. ಕರೆದುಕೊಂಡು ಹೋಗಿ ಕರೆತರುವ ಕೆಲಸ ಮೊದಲಿನಿಂದಲೂ ಬೊಸ್ತ್ಯಾಂವನದೇ. ಟೀಚರ್ ಮೆಲ್ಲನೆ ಇಳಿದರು, ಫ್ರಾಕಿನ ನೆರಿಗೆ ಸರಿಮಾಡಿಕೊಂಡರು, ಕೊಡೆಯನ್ನು ಊರುಗೋಲು ಮಾಡಿಕೊಂಡು ಪಾಚಿಯ ಇಳಿಜಾರು ಹತ್ತಿ ನೇರ ಪೈಲಟ್ ಸ್ಟ್ಯಾಂಡಿಗೆ ಹೋಗಿ ಇನ್ನೊಬ್ಬ ಪೈಲಟ್ ದುಮಿಂಗನ ಸ್ಕೂಟರಿನ ಹಿಂದೆ ಕೂತರು. ಕೂತ ಮೇಲೆ ತಿರುಗಿ ಒಂದೇ ಮಾತು ಹೇಳಿದರು:

"ಗಾಡಿ ಬದಲಾಯಿಸು. ಆಮೇಲೆ ನೋಡೋಣ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತಾರಲ್ಲ, ಹಾಗಾಯಿತು. ವ್ಯತ್ಯಾಸ ಇಷ್ಟೇ, ಇಲ್ಲಿ ಅಂಬಿಗನೇ ಹೊಳೆಯಲ್ಲಿ ಉಳಿದುಬಿಟ್ಟಿದ್ದ.

ಬೈಕನ್ನು ನೂಕಿಕೊಂಡು ಬೆವರುತ್ತ ಅವನು ಸ್ಟ್ಯಾಂಡಿಗೆ ಬಂದಾಗ ಜೊತೆಯ ಪೈಲಟ್ ಪುಂಡಲೀಕ್ ಆಲದ ಬುಡದಲ್ಲಿ ಕಾಲು ಚಾಚಿಕೊಂಡು ಕಡ್ಲೆ ತಿನ್ನುತ್ತಿದ್ದ.

"ಮೂರಾಯ್ತು" ಅಂದ.

"ಗೊತ್ತು."

"ಕಟ್ಟಳೆ ಗೊತ್ತಲ್ಲ?"

"ಕಟ್ಟಳೆ ಮಾಡಿದವನೇ ನಾನು ಮಾರಾಯ."

ನಿಜ. ಹಿಂದೊಮ್ಮೆ ದುಮಿಂಗನ ಹಳೆಯ ಸ್ಕೂಟರು ಕ್ಷಯ ಬಂದವರ ಹಾಗೆ ಕೆಮ್ಮಿ ಕೆಮ್ಮಿ ಫೆರಿಗೆ ಅಡ್ಡ ನಿಲ್ಲುತ್ತಿದ್ದಾಗ, ಎಲ್ಲರನ್ನೂ ಇದೇ ಆಲದ ಬುಡಕ್ಕೆ ಕರೆದು ಬೊಸ್ತ್ಯಾಂವನೇ ಕಟ್ಟಳೆ ಹಾಕಿದ್ದ: ಫೆರಿಯ ಬಾಯಲ್ಲಿ ಮೂರು ಸಲ ನಿಂತ ಗಾಡಿಯವನು ಬೇರೆ ಗಾಡಿ ತರುವ ತನಕ ಕೊನೆಯ ನಂಬರು. ತಾನು ತೋಡಿದ ಹಳ್ಳ. ಒಂದು ಫೆರಿಯಲ್ಲಿ ಬರುವ ಗಿರಾಕಿಗಳೆಲ್ಲ ಮೊದಲ ಮೂರ್ನಾಲ್ಕು ಪೈಲಟ್‌ಗಳಿಗೇ ಮುಗಿದುಹೋಗುತ್ತಾರೆ. ಕೊನೆಯವನಿಗೆ ಸಿಗುವುದು ತೆಂಗಿನಕಾಯಿ ಮೂಟೆ, ಇಲ್ಲವೇ ನೆಟ್ಟಗೆ ಕೂರಲಾರದ ಕುಡುಕ.

ಆದರೆ ಅವನನ್ನು ಚುಚ್ಚಿದ್ದು ಕೊನೆಯ ನಂಬರಲ್ಲ. ಟೀಚರ್ ಎದ್ದು ಹೋದದ್ದು. ಮೂರನೇ ಕ್ಲಾಸಿನಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಟೀಚರ್, ಅವನು ಪೈಲಟ್ ಆದ ಮೊದಲ ದಿನ ಮೊದಲ ಗಿರಾಕಿಯಾಗಿ ಬಂದು ಕೂತಿದ್ದರು. ಆಗಿನದು ಹಳೇ ಕಪ್ಪು ಬೈಕು. ಫೆರಿ ಅಲುಗಾಡಿದರೆ ಅದರ ಕಾರ್ಬ್ಯುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಅದಕ್ಕೇ ಫೆರಿಗೆ ಸಾಲು ಹಚ್ಚಿದ ಕೂಡಲೇ ಬೊಸ್ತ್ಯಾಂವ್ ಟ್ಯಾಂಕಿನ ಅಡಿಯ ನಲ್ಲಿ ಮುಚ್ಚುತ್ತಿದ್ದ. ಆಚೆ ದಡ ಹತ್ತಿರವಾದಾಗ ಟೀಚರ್ ಹಿಂದಿನಿಂದ ಕೊಡೆಯ ಹಿಡಿಯಲ್ಲಿ ಅವನ ಭುಜ ತಟ್ಟಿ "ನಲ್ಲಿ" ಅನ್ನುತ್ತಿದ್ದರು. ಅವನು ತೆರೆಯುತ್ತಿದ್ದ. ವರ್ಷಗಟ್ಟಲೆ ಇಬ್ಬರ ನಡುವೆ ಅದೊಂದು ಜಪದ ಹಾಗೆ ನಡೆದಿತ್ತು. ಉಪ್ಪುಗಾಳಿಗೆ ಆ ಬೈಕಿನ ಹೊಟ್ಟೆಯೆಲ್ಲ ತುಕ್ಕು ತಿಂದು ಒಂದು ದಿನ ಸೈಲೆನ್ಸರು ಇಗರ್ಜಿಯ, ಅಂದರೆ ಚರ್ಚಿನ, ಗುಡ್ಡದಲ್ಲಿ ಕಳಚಿ ಉರುಳಿಹೋಯಿತು. ಅದರ ಜಾಗಕ್ಕೆ ಬಂದದ್ದು ಈ ಕೆಂಪು ಮಾಯಾಂಗನೆ. ಇದಕ್ಕೆ ನಲ್ಲಿಯೂ ಇರಲಿಲ್ಲ, ನಲ್ಲಿ ಅನ್ನುವ ಮಾತೂ ಇರಲಿಲ್ಲ.

ಮನೆಯಲ್ಲಿ ಹೆಂಡತಿ ಪಿಯೆದಾದ್ ಬಂಗುಡೆ ಹುರಿಯುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದು ಒಲೆ ಮುಂದೆ ಕೂತಿತ್ತು.

"ನೂಕಿಕೊಂಡು ಬಂದ್ಯಂತೆ."

"ಹೂಂ."

"ಯಾರು ಆರಿಸಿದ್ದು ಆ ಗಾಡಿನ?"

ಅಂಗಳದ ಆರಾಮ ಕುರ್ಚಿಯಲ್ಲಿ ಮಲಗಿದ್ದ ಅವಳ ತಮ್ಮ ರೋಕ್ ಕಣ್ಣು ತೆರೆಯದೆ ಹೇಳಿದ, "ಗಾಡಿದೇನೂ ತಪ್ಪಿಲ್ಲ ಅಕ್ಕ. ಭಾವನಿಗೆ ಓಡಿಸೋಕೆ ಬರಲ್ಲ."

ರೋಕ್ ಹಡಗಿನ ಕೆಲಸಗಾರ. ವರ್ಷದಲ್ಲಿ ಬಹುಭಾಗ ಸಮುದ್ರದ ಮೇಲೆ, ಉಳಿದ ದಿನ ಅಕ್ಕನ ಅಂಗಳದ ಮೇಲೆ. ಹತ್ತಾರು ಬಂದರು ನೋಡಿದವನಾದ್ದರಿಂದ ಜಗತ್ತಿನ ಯಾವ ವಿಷಯಕ್ಕೂ ಅವನಲ್ಲಿ ಸಲಹೆ ತಯಾರಿತ್ತು. ಕೆಂಪು ಬೈಕನ್ನು ಮಾಪ್ಸಾದ ಅಂಗಡಿಯಲ್ಲಿ ಕಂಡಾಗ "ಭಾವ, ಇದು ಬೈಕಲ್ಲ, ಚಿರತೆ" ಅಂದಿದ್ದವನು ಅವನೇ. ಚಿರತೆ ನೋಡಲು ಚೆಂದ ಏನೋ ಸರಿ, ಅದರ ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್ ಕಟ್ಟುವುದು ಹೇಗೆ? ಬೆಳಿಗ್ಗೆ ಬೇಕರಿಯ ಪಾವ್ ಚೀಲ ಹೊರಿಸುವುದು ಹೇಗೆ? ಹಿಂದಿನ ಸೀಟು ಬಾಲ ಎತ್ತಿದ ಚೇಳಿನ ಹಾಗೆ. ಅಡ್ಡ ಕೂತ ಹೆಂಗಸರು ಬ್ರೇಕು ಹಾಕಿದಾಗಲೆಲ್ಲ ಜಾರಿ ಬಂದು ಬೊಸ್ತ್ಯಾಂವನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದರು. ಆಮೇಲೆ ಪಿಯೆದಾದಳಿಗೆ ವಿವರಣೆ ಕೊಡುವ ಕೆಲಸ ಬೇರೆ. ಗದ್ದೆಯ ಒಡ್ಡಿನ ಮೇಲೆ ಹೋದರಂತೂ ಕೆಸರು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ, ಚಿರತೆ ಅಲ್ಲೇ ಮಂಡಿಯೂರುತ್ತಿತ್ತು.

"ಬೇರೆ ಗಾಡಿ ತರೋಣ" ಅಂದ ಬೊಸ್ತ್ಯಾಂವ್, ತಟ್ಟೆಗೆ ಕೈ ಹಾಕುತ್ತ.

ರೋಕ್ ಕಣ್ಣು ತೆರೆದ. "ಈ ಸಲ ದೊಡ್ಡದು ತಗೋ ಭಾವ. ಗುಡುಗುಡು ಅನ್ನೋದು. ದಾರಿಲಿ ಬಂದ್ರೆ ಜನ ಎದ್ದು ನಿಲ್ಬೇಕು."

"ಜನ ಎದ್ದು ನಿಲ್ಲೋದು ಬೇಡ" ಅಂದಳು ಪಿಯೆದಾದ್. "ಕೂತ್ರೆ ಸಾಕು."

ಭಾವ-ಮೈದುನರಿಬ್ಬರೂ ಮಾಪ್ಸಾ, ಪಣಜಿಯ ಅಂಗಡಿಗಳನ್ನೆಲ್ಲ ಸುತ್ತಿದರು. ಬೊಸ್ತ್ಯಾಂವ್ ಒಂದೊಂದನ್ನೂ ಹತ್ತಿ, ಹ್ಯಾಂಡಲ್ ಹಿಡಿದು, ರಸ್ತೆ ಕೊನೆಯ ತನಕ ಓಡಿಸಿ ಬಂದ. ಎಲ್ಲವೂ ಚೆನ್ನಾಗಿದ್ದವು. ಅದೇ ತೊಂದರೆ. ಕೆಂಪು ಬೈಕೂ ಅಂಗಡಿ ಮುಂದೆ ಹೀಗೇ ಚೆನ್ನಾಗಿತ್ತು. ಮದುವೆಗೆ ಮುಂಚೆ ಎಲ್ಲ ಹುಡುಗಿಯರೂ ಮೃದುವಾಗಿ ಮಾತಾಡುತ್ತಾರೆ ಅಂತ ಅವನಿಗೆ ಹೊಳೆಯಿತು. ಆ ಮಾತನ್ನು ಅವನು ಮನೆಗೆ ತರಲಿಲ್ಲ.

ಮರುದಿನ ಬೆಳಿಗ್ಗೆ ಬೇಕರಿಯ ಕಟ್ಟೆಯಲ್ಲಿ ಟೀಚರ್ ಸಿಕ್ಕರು. ಕೈಚೀಲದಲ್ಲಿ ಬಿಸಿ ಪಾವ್. ಬೊಸ್ತ್ಯಾಂವ್ ಪಕ್ಕಕ್ಕೆ ಸರಿದು ನಿಂತ, ಹೋಂವರ್ಕ್ ಮಾಡದವನ ಹಾಗೆ.

"ಗಾಡಿ ಸಿಕ್ತಾ?"

"ನೋಡ್ತಾ ಇದ್ದೀನಿ ಟೀಚರ್. ಎಲ್ಲಾನೂ ಓಡಿಸಿ ನೋಡ್ದೆ."

"ಕೂತು ನೋಡ್ದ್ಯಾ?"

"ಕೂತೇ ತಾನೆ ಓಡಿಸೋದು?"

"ಹಿಂದೆ ಕಣೋ. ಹಿಂದೆ ಕೂತು ನೋಡ್ದ್ಯಾ?"

ಬೊಸ್ತ್ಯಾಂವ್ ನಕ್ಕುಬಿಟ್ಟ. "ಪೈಲಟ್ ಹಿಂದೆ ಕೂರೋದುಂಟಾ ಟೀಚರ್?"

ಇಲ್ಲ, ಕೂರುವುದಿಲ್ಲ. ಅದು ಎಲ್ಲೂ ಬರೆದಿಟ್ಟದ್ದಲ್ಲ, ಆದರೂ ದ್ವೀಪದ ಯಾವ ಪೈಲಟನೂ ಇನ್ನೊಬ್ಬನ ಹಿಂದೆ ಕೂತದ್ದನ್ನು ಯಾರೂ ಕಂಡಿಲ್ಲ. ಗಾಡಿ ಕೆಟ್ಟರೆ ನಡೆದೇ ಹೋಗುತ್ತಾರೆ. ಬಿರುಬಿಸಿಲಲ್ಲಿ ನಡೆಯುತ್ತಿರುವ ಪೈಲಟನ ಪಕ್ಕದಲ್ಲೇ ಇನ್ನೊಬ್ಬ ಪೈಲಟ್ ನಿಧಾನಕ್ಕೆ ಬೈಕು ಓಡಿಸುತ್ತ ಮಾತಾಡಿಸಿಕೊಂಡು ಹೋಗುತ್ತಾನೆಯೇ ಹೊರತು 'ಹತ್ತು' ಅನ್ನುವುದಿಲ್ಲ. ಹಾಗೆ ಕರೆದರೆ ಅವಮಾನ.

"ಹಾಗಾದ್ರೆ ಇಷ್ಟು ವರ್ಷ ನೀನು ಮಾರ್ತಾ ಇರೋ ಸಾಮಾನು ಏನು ಅಂತ ನಿಂಗೇ ಗೊತ್ತಿಲ್ಲ" ಅಂದರು ಟೀಚರ್. "ಮುಂದಿನ ಸೀಟು ನಿಂದು. ಅದಕ್ಕೆ ಯಾರೂ ಬಾಡಿಗೆ ಕೊಡಲ್ಲ. ಲುಂಗಿ ಉಟ್ಕೊಂಡು, ಅಡ್ಡ ಕೂತು, ತೊಡೆ ಮೇಲೆ ಒಂದು ಬುಟ್ಟಿ ಇಟ್ಕೊಂಡು ಒಂದ್ಸಲ ಒಡ್ಡಿನ ಮೇಲೆ ಹೋಗಿ ಬಾ. ಆಮೇಲೆ ಗಾಡಿ ತಗೋ."

"ಲುಂಗಿನಾ?"

"ಪ್ಯಾಂಟು ಹಾಕಿದೋರಿಗೆ ಎಲ್ಲಾ ಸೀಟೂ ಸರಿಯಾಗೇ ಇರತ್ತೆ."

ಎರಡು ದಿನ ಅವನು ಆ ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಓಡಾಡಿದ. ಮೂರನೆಯ ದಿನ ತೆಂಗಿನಕಾಯಿ ಮೂಟೆಯೊಂದು ಚಿರತೆಯ ಬೆನ್ನಿನಿಂದ ಜಾರಿ, ಕಾಯಿಗಳು ಒಂದೊಂದಾಗಿ ಗುಡ್ಡ ಇಳಿದು ಪಾದ್ರಿಯವರ ಅಂಗಳ ಸೇರಿದವು. ಅವನ್ನು ಆರಿಸಿ ತಂದವನೇ ಮನೆಗೆ ಹೋಗಿ ಲುಂಗಿ ಉಟ್ಟ.

"ಪಿಯೆದಾದ್, ನಿನ್ನ ಮೀನಿನ ಬುಟ್ಟಿ ಕೊಡು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ಬುಟ್ಟಿ ತಂದಳು, ಖಾಲಿ ಇದ್ದರೆ ಪರೀಕ್ಷೆ ಸರಿಹೋಗದೆಂದು ಅದಕ್ಕೆ ಬಂಗುಡೆಯನ್ನೂ ತುಂಬಿದಳು.

ಸ್ಟ್ಯಾಂಡಿನಲ್ಲಿ ವಿಷಯ ಹೇಳಿದಾಗ ದುಮಿಂಗ್ ನಗಲಿಲ್ಲ. ಅಷ್ಟು ದೊಡ್ಡ ನಗುವನ್ನು ಒಂದೇ ಸಲ ಖರ್ಚು ಮಾಡಲು ಮನಸ್ಸಾಗಲಿಲ್ಲವೋ ಏನೋ. ಗಂಭೀರವಾಗಿ ಸ್ಕೂಟರಿನ ಸೀಟು ಒರೆಸಿ, ಮೀನು ಮಾರುವ ಹೆಂಗಸನ್ನು ಕರೆಯುವ ಹಾಗೆ "ಬಾ ಬಾಯಿ, ಕೂರು. ಎಲ್ಲಿಗೆ ಹೋಗ್ಬೇಕು?" ಅಂದ.

"ಒಡ್ಡಿನ ಮೇಲೆ ಹೋಗಿ ಇಗರ್ಜಿ ಗುಡ್ಡ ಹತ್ತಿ ವಾಪಸ್. ಬಾಯಿ ಮುಚ್ಕೊಂಡು ಓಡಿಸು."

"ಗಿರಾಕಿಗೆ ಮರ್ಯಾದೆ ಕೊಡೋದು ನಮ್ಮ ಪದ್ಧತಿ ಬಾಯಿ."

ದಪ್ಪ ಮೀಸೆಯ, ಅದಕ್ಕೆ ತಕ್ಕ ಹೊಟ್ಟೆಯ ಬೊಸ್ತ್ಯಾಂವ್ ಅಡ್ಡ ಕೂತ. ಬುಟ್ಟಿಯನ್ನು ತೊಡೆಯ ಮೇಲಿಟ್ಟು ಒಂದು ಕೈಯಲ್ಲಿ ಹಿಡಿದ. ಇನ್ನೊಂದು ಕೈಗೆ ಹಿಡಿಯಲು ಏನಿದೆ ಎಂದು ಹುಡುಕಿದ. ದುಮಿಂಗನ ಭುಜ ಮಾತ್ರ ಇತ್ತು. ಹೊರಟ ಮೇಲೆ ಮೊದಲ ಬಾರಿಗೆ ಗೊತ್ತಾಯಿತು, ಹಿಂದೆ ಕೂತವರಿಗೆ ರಸ್ತೆ ಕಾಣುವುದಿಲ್ಲ. ಹೊಂಡ ಬರುತ್ತದೆಂದು ಮುಂದಿನವನಿಗೆ ಗೊತ್ತು, ಹಿಂದಿನವರಿಗೆ ಅದು ಬಂದ ಮೇಲೇ ಗೊತ್ತಾಗುವುದು, ಅದೂ ಸೊಂಟದ ಮೂಲಕ. ಸ್ಕೂಟರಿನ ಗಾಲಿ ಚಿಕ್ಕದು. ಒಡ್ಡಿನ ಮೇಲಿನ ಒಂದೊಂದು ಏಡಿಬಿಲವೂ ತನ್ನ ಹೆಸರು ಹೇಳಿಕೊಂಡು ಅವನ ಬೆನ್ನುಮೂಳೆ ಹತ್ತಿ ಹೋಯಿತು. ಎರಡು ಬಂಗುಡೆಗಳು ಗದ್ದೆಗೆ ಹಾರಿದವು.

ಮೇಲ್ಮಾಳಿಗೆಯ ಕಿಟಕಿಯಿಂದ ಮುದುಕಿಯೊಬ್ಬಳು ಕೇಳಿದಳು, "ಬೊಸ್ತ್ಯಾಂವ್, ಬಂಗುಡೆ ಹೇಗೆ ಕೊಟ್ಟೆ?"

"ಪರೀಕ್ಷೆ ಮೀನು ಮಾಂಯ್, ಮಾರಲ್ಲ."

"ಪಾಸಾದ ಮೇಲೆ ನಾಕು ತಂದ್ಕೊಡು."

ಮಧ್ಯಾಹ್ನದ ಹೊತ್ತಿಗೆ ರೋಕ್ ಗೆಳೆಯನೊಬ್ಬನ ದೊಡ್ಡ ಗುಡುಗುಡು ಬೈಕು ತಂದ. ಲುಂಗಿಯಲ್ಲಿ ಅದನ್ನು ಹತ್ತುವುದೆಂದರೆ ತೆಂಗಿನಮರ ಹತ್ತಿದ ಹಾಗೆ. ಹತ್ತಿ ಕೂತ ಮೇಲೆ ಸೀಟು ಮೆತ್ತಗಿತ್ತು, ಅದೇನೋ ನಿಜ. ಗುಡ್ಡದ ತಿರುವಿನಲ್ಲಿ ಬಿಸಿ ಸೈಲೆನ್ಸರು ಮೀನಖಂಡಕ್ಕೆ ತಾಗಿ, ಬೊಸ್ತ್ಯಾಂವ್ ಇಗರ್ಜಿಯ ಎದುರಿಗೆ ಆಡಬಾರದ ಮಾತೊಂದನ್ನು ಆಡಿದ. ಶಬ್ದದ ಮಧ್ಯೆ ಅದು ದೇವರಿಗೆ ಕೇಳಿಸಿರಲಾರದು ಎಂದು ಆಮೇಲೆ ಸಮಾಧಾನ ಮಾಡಿಕೊಂಡ.

ಕೊನೆಗೆ ಉಳಿದದ್ದು ಪುಂಡಲೀಕನ ಬೈಕು. ಸಪ್ಪೆ ಕಪ್ಪು ಬಣ್ಣದ, ಯಾರೂ ಎರಡನೇ ಸಲ ತಿರುಗಿ ನೋಡದ ಗಾಡಿ. ಅಂಚೆಯವರು, ಹಾಲಿನವರು, ವಿಮೆ ಏಜೆಂಟರು ಓಡಿಸುವಂಥದ್ದು. ಉದ್ದನೆಯ ಚಪ್ಪಟೆ ಸೀಟು. ಪಕ್ಕದಲ್ಲಿ ಹೆಂಗಸರು ಕಾಲಿಡಲು ಅಗಲ ಹಲಗೆ, ಸೀರೆ ಚಕ್ರಕ್ಕೆ ಸಿಗದಂತೆ ಜಾಲರಿ, ಹಿಂದೆ ಹಿಡಿಯಲು ಕಂಬಿ, ಟ್ಯಾಂಕಿನ ಅಡಿಯಲ್ಲಿ ನಲ್ಲಿ, ಒದೆಯಲು ಕಿಕ್ಕರು. ಬೊಸ್ತ್ಯಾಂವ್ ಕೂತ. ಎರಡೂ ಪಾದಗಳಿಗೆ ನೆಲ ಸಿಕ್ಕ ಹಾಗಾಯಿತು. ಕೈಗೆ ಕಂಬಿ ಸಿಕ್ಕಿತು. ಪುಂಡಲೀಕ್ ಏನೋ ಗುನುಗಿಕೊಂಡು ಒಡ್ಡಿನ ಮೇಲೆ ಹೋದ. ಏಡಿಬಿಲಗಳು ಅಲ್ಲೇ ಇದ್ದವು, ಆದರೆ ದೂರದ ನೆಂಟರ ಹಾಗೆ ಕೆಳಗಿನಿಂದಲೇ ನಮಸ್ಕಾರ ಹೇಳಿ ಸುಮ್ಮನಾದವು. ಕೆಸರಿನಲ್ಲಿ ಚಕ್ರ ತಿರುಗಿತು. ಗುಡ್ಡದಲ್ಲಿ ಎಂಜಿನ್ ಏದುಸಿರು ಬಿಡಲಿಲ್ಲ. ಬುಟ್ಟಿಯ ಬಂಗುಡೆ ಅಲುಗಲಿಲ್ಲ.

ಗುಡ್ಡದ ತುದಿಯಲ್ಲಿ ಅವನಿಗೆ ಇನ್ನೊಂದು ವಿಷಯ ಕಂಡಿತು. ಅಷ್ಟು ಹೊತ್ತೂ ಅವನು ನೋಡಿದ್ದು ನದಿಯನ್ನಲ್ಲ, ಗದ್ದೆಯನ್ನಲ್ಲ, ಪುಂಡಲೀಕನ ಕುತ್ತಿಗೆಯನ್ನು. ಬೆವರು, ಸವೆದ ಕಾಲರು, ಕಿವಿಯ ಹಿಂದೆ ಒಂದು ಮಚ್ಚೆ. ದಿನವೂ ಎದುರಿಗೆ ಕೂತು ಕಡ್ಲೆ ತಿನ್ನುವವನಿಗೆ ಅಲ್ಲೊಂದು ಮಚ್ಚೆ ಇದೆ ಅಂತ ಬೊಸ್ತ್ಯಾಂವನಿಗೆ ಗೊತ್ತೇ ಇರಲಿಲ್ಲ.

ಸಂಜೆ ಬುಟ್ಟಿ ಹೊತ್ತುಕೊಂಡು ಟೀಚರ್ ಮನೆಯ ಗೇಟಿಗೆ ಹೋಗಿ ಕೇಳಿದ, "ಟೀಚರ್, ನನ್ನ ಕುತ್ತಿಗೆ ಹೇಗಿರತ್ತೆ?"

ಟೀಚರ್ ಕನ್ನಡಕದ ಮೇಲಿಂದ ನೋಡಿದರು. ಅವನು ಹಿಂದೆ ಕೂತು ಬಂದಿದ್ದಾನೆ ಅಂತ ಅವರಿಗೆ ಅಷ್ಟರಲ್ಲೇ ತಿಳಿಯಿತು. "ಆಗಾಗ ಕ್ಷೌರ ಮಾಡಿಸ್ಕೊಂಡ್ರೆ ಪರವಾಗಿಲ್ಲ" ಅಂದರು.

ಪುಂಡಲೀಕನದರ ಹಾಗೆಯೇ ಇರುವ ಹೊಸ ಗಾಡಿ ಮನೆಗೆ ಬಂದ ದಿನ ರೋಕ್ ಆರಾಮ ಕುರ್ಚಿಯಿಂದ ಎದ್ದೇ ನಿಂತ. "ಭಾವ, ಇದು ಪೋಸ್ಟ್‌ಮ್ಯಾನ್ ಗಾಡಿ."

"ಪೋಸ್ಟ್‌ಮ್ಯಾನ್ ಯಾವತ್ತಾದ್ರೂ ಗಾಡಿ ನೂಕ್ಕೊಂಡು ಬಂದಿದ್ದು ನೋಡಿದ್ದೀಯಾ?"

"ಆ ಚಿರತೆ ಏನ್ ಮಾಡ್ತೀಯ?"

ಉತ್ತರ ಪಿಯೆದಾದಳಿಂದ ಬಂತು. "ಚಿರತೆ ಆರಿಸಿದೋನೇ ಸಾಕ್ತಾನೆ." ಅಂದಿನಿಂದ ಕೆಂಪು ಬೈಕು ರೋಕನ ಆರಾಮ ಕುರ್ಚಿಯ ಪಕ್ಕ ನಿಂತಿತು. ವಾರದೊಳಗೆ ಕೋಳಿಯೊಂದು ಅದರ ಎತ್ತರದ ಹಿಂದಿನ ಸೀಟನ್ನು ಮೆಚ್ಚಿಕೊಂಡಿತು. ಆ ಸೀಟಿಗೆ ಸಿಕ್ಕ ಮೊದಲ ತೃಪ್ತ ಗಿರಾಕಿ ಅದೇ.

ಬೊಸ್ತ್ಯಾಂವ್ ಹೊಸ ಗಾಡಿಯ ಮುಂದಿನ ಮಡ್‌ಗಾರ್ಡಿಗೆ ತಾನೇ ಹಳದಿ ಬಳಿದ, ಪಾದ್ರಿಯವರಿಂದ ತೀರ್ಥ ಹಾಕಿಸಿದ, ಕ್ಷೌರ ಮಾಡಿಸಿಕೊಂಡ. ಆಮೇಲೆ ಶನಿವಾರ ಸಂಜೆ ನದಿಯ ಆಚೆ ದಡದಲ್ಲಿ ಹೋಗಿ ನಿಂತ. ಅಲ್ಲಿ ದುಮಿಂಗನೂ ನಿಂತಿದ್ದ. ಬೆಳಿಗ್ಗೆ ಟೀಚರನ್ನು ಕರೆತಂದವನು ಅವನೇ.

ಪಣಜಿಯ ಬಸ್ಸಿನಿಂದ ಟೀಚರ್ ಇಳಿದರು. ಇಸ್ಪೀಟಿನಲ್ಲಿ ಗೆದ್ದ ಮುಖ. ಇಬ್ಬರನ್ನೂ ನೋಡಿದರು. ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದು ಕಾಲಿಡುವ ಹಲಗೆಯನ್ನು ಕೊಡೆಯ ತುದಿಯಿಂದ ಒತ್ತಿ ನೋಡಿದರು.

"ದುಮಿಂಗ್, ಇವತ್ತು ಇವನ ಪರೀಕ್ಷೆ. ನೀನು ಹಿಂದೇನೇ ಬಾ. ಇದು ಫೆರಿ ಬಾಯಲ್ಲಿ ನಿಂತ್ರೆ ನಿನ್ನ ಸ್ಕೂಟರ್ ಹತ್ತುತೀನಿ. ಆಮೇಲೆ ಇನ್ನು ಇಳಿಯಲ್ಲ."

"ಆಗ್ಲಿ ಟೀಚರ್" ಅಂದ ದುಮಿಂಗ್, ಇಗರ್ಜಿಯಲ್ಲಿ ಆಮೆನ್ ಅನ್ನುವ ದನಿಯಲ್ಲಿ.

ಫೆರಿಗೆ ಉದ್ದ ಸಾಲು. ಸಾಲಿಗೆ ಸೇರುತ್ತಿದ್ದಂತೆ ಬೊಸ್ತ್ಯಾಂವನ ಎಡಗೈ ತಾನಾಗಿ ಟ್ಯಾಂಕಿನ ಅಡಿಗೆ ಹೋಗಿ ಬಂತು. ಅವನ ಲಕ್ಷ್ಯ ಕೈಯ ಮೇಲಿರಲಿಲ್ಲ. ಎಂಜಿನ್ ಆರಿಸಿದರೆ ಮತ್ತೆ ಹತ್ತದೇ ಹೋದರೆ ಎಂಬ ಒಂದೇ ದಿಗಿಲು. ಎರಡು ಫೆರಿ ಹೋಗುವ ತನಕ ಗಾಡಿಯನ್ನು ಚಾಲೂ ಇಟ್ಟುಕೊಂಡೇ ಅಂಗುಲ ಅಂಗುಲ ಮುಂದೆ ಸರಿದ. ಮೂರನೆಯದನ್ನು ಹತ್ತಿ ಬಾಯಿಗೆ ಮುಖ ಮಾಡಿ ನಿಂತ ಮೇಲೂ ಆರಿಸಲಿಲ್ಲ. ನಡುನೀರಿನಲ್ಲಿ ಫೆರಿಯವನು ಬೈದ.

"ಏನು, ಸುಟ್ಟು ಹಾಕ್ಬೇಕು ಅಂತಿದ್ದೀಯಾ ಎಲ್ಲರನ್ನೂ? ಆರಿಸು."

ಆರಿಸಿದ. ದ್ವೀಪ ಹತ್ತಿರವಾಯಿತು. ಆಲದ ಬುಡದಲ್ಲಿ ಪುಂಡಲೀಕ್ ಎದ್ದು ನಿಂತದ್ದು ಕಂಡಿತು. ಪಕ್ಕದಲ್ಲಿ ಪಿಯೆದಾದ್, ಅವಳ ಪಕ್ಕ ರೋಕ್. ಸರಪಳಿ ಕಿರುಗುಟ್ಟಿ ಹಲಗೆ ಇಳಿಯತೊಡಗಿತು. ಸುತ್ತಲ ಗಾಡಿಗಳು ಒಟ್ಟಿಗೆ ಗುರುಗುಟ್ಟಿದವು. ಬೊಸ್ತ್ಯಾಂವ್ ಶಿಲುಬೆಯ ಗುರುತು ಮಾಡಿ ಒದ್ದ.

ಗಾಡಿ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಮತ್ತೆ ಒದ್ದ. ಕೆಮ್ಮಲೂ ಇಲ್ಲ.

ಹಲಗೆ ಕಲ್ಲು ಮುಟ್ಟಿತು. ಹಿಂದಿನ ಟೆಂಪೋದವನು ಹಾರ್ನಿನ ಮೇಲೆ ಕೈ ಇಟ್ಟ. ದುಮಿಂಗ್ ಮೃದುವಾಗಿ, ಬಹಳ ಮೃದುವಾಗಿ, ತನ್ನ ಸೀಟು ಒರೆಸಿದ. ಹಿಂದೆ ಟೀಚರ್ ಅಲುಗಿದ ಹಾಗಾಯಿತು. ಇಳಿಯುತ್ತಿದ್ದಾರೆ, ಮುಗಿಯಿತು ಅಂದುಕೊಂಡ ಬೊಸ್ತ್ಯಾಂವ್.

ಕೊಡೆಯ ಹಿಡಿ ಭುಜದ ಮೇಲೆ ಎರಡು ಸಲ ತಟ್ಟಿತು.

"ನಲ್ಲಿ."

ಕೈ ಟ್ಯಾಂಕಿನ ಅಡಿಗೆ ಹೋಯಿತು. ಮುಚ್ಚಿದ್ದ ನಲ್ಲಿಯನ್ನು ತಿರುಗಿಸಿದ. ಒಂದು ಉಸಿರಿನಷ್ಟು ಹೊತ್ತು ಕಾದ. ಒದ್ದ. ಗಾಡಿ ಎದ್ದಿತು, ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುರು ಎನ್ನುತ್ತ. ಪಾಚಿಯ ಇಳಿಜಾರನ್ನು ಒಂದೇ ಓಟಕ್ಕೆ ಹತ್ತಿ ಆಲದ ಬುಡದಲ್ಲಿ ನಿಂತಿತು.

ಪುಂಡಲೀಕ್ ಬೆರಳು ಎತ್ತಿದ. "ಒಂದು."

"ಯಾವ ಒಂದು?" ಟೀಚರ್ ಕೂತಲ್ಲಿಂದಲೇ ಕೇಳಿದರು. "ಗಾಡಿಗೇನಾಗಿದೆ? ಮರೆವು ಸವಾರನದು. ಸವಾರನ ಮೇಲೆ ಕಟ್ಟಳೆ ಇದೆಯಾ ನಿಮ್ಮದು?"

"ಇಲ್ಲ ಟೀಚರ್" ಅಂದ ಹಿಂದಿನಿಂದ ಬಂದ ದುಮಿಂಗ್. "ಮಾಡ್ಬೇಕು."

"ಮಾಡಿ. ಓಡಿಸ್ತಾ ಓಡಿಸ್ತಾ ಹಿಂದೆ ತಿರುಗಿ ಹರಟೆ ಹೊಡೆಯೋರಿಗೂ ಸೇರಿಸಿ ಮಾಡಿ. ಮೊದಲ ಕೊನೆ ನಂಬರು ಯಾರಿಗೆ ಹೋಗತ್ತೆ ನೋಡೋಣ."

ದುಮಿಂಗನಿಗೆ ತಟ್ಟನೆ ಸ್ಕೂಟರಿನ ಕನ್ನಡಿ ಒರೆಸುವುದು ನೆನಪಾಯಿತು. ಪುಂಡಲೀಕ್ ಎತ್ತಿದ ಬೆರಳನ್ನು ಕಡ್ಲೆಯ ಪೊಟ್ಟಣದೊಳಗೆ ಇಳಿಸಿ, "ಬೊಸ್ತ್ಯಾಂವ್, ನಾಳೆಯಿಂದ ನಿನ್ನ ನಂಬರಿಗೆ ನೀನು ನಿಲ್ಲು" ಅಂದ.

ಬೊಸ್ತ್ಯಾಂವ್ ಗೇರು ಹಾಕಿದ. ಗುಡ್ಡದ ಅರ್ಧ ದಾರಿಯಲ್ಲಿ, ಎಂಜಿನ್ ಸದ್ದಿನ ಮೇಲೆ ದನಿ ಏರಿಸದೆ ಟೀಚರ್ ಹೇಳಿದರು:

"ಕ್ಷೌರ ಮಾಡಿಸ್ಕೊಂಡಿದ್ದೀಯ."

"ಹೌದು ಟೀಚರ್."

"ಸರಿ. ಮುಂದೆ ಹೊಂಡ ಇದೆ. ಹೇಳ್ಬಿಟ್ಟು ಇಳಿಸು."

"ಹೊಂಡ ಬಂತು ಟೀಚರ್" ಅಂದ ಬೊಸ್ತ್ಯಾಂವ್, ಬ್ರೇಕಿನ ಮೇಲೆ ಮೆಲ್ಲನೆ ಕಾಲಿಡುತ್ತ.